ಬಾವುಟ ಹಾರಿತು, ಬಾವಿ ತೆರೆಯಲಿಲ್ಲ

ಮೈಸೂರಿನಲ್ಲಿ ಸಿಟಿ ಬಸ್ ಹತ್ತಿದವರಿಗೆಲ್ಲ ರಾಮಸ್ವಾಮಿ ಸರ್ಕಲ್ ಗೊತ್ತು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಆಸ್ಪತ್ರೆಗೋ, ಕಾಲೇಜಿಗೋ, ಕೋರ್ಟಿಗೋ ಹೋಗುವ ನಾವು ಎಷ್ಟೋ ಸಲ ಅದನ್ನು ದಾಟಿದ್ದೇವೆ. ಆದರೆ ಆ ರಾಮಸ್ವಾಮಿ ಯಾರು ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಅವನು ರಾಜನಲ್ಲ, ದಿವಾನನಲ್ಲ, ಮಂತ್ರಿಯೂ ಅಲ್ಲ. ಒಬ್ಬ ವಿದ್ಯಾರ್ಥಿ. ಸ್ವಾತಂತ್ರ್ಯ ಹೋರಾಟದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಸತ್ತ ಹುಡುಗ.

ಅವನು ಸತ್ತಿದ್ದು 1947ರ ಸೆಪ್ಟೆಂಬರ್‌ನಲ್ಲಿ. ತಿಂಗಳನ್ನು ಇನ್ನೊಮ್ಮೆ ಓದಿ. ಆಗಸ್ಟ್ 15 ಆಗಲೇ ಮುಗಿದಿತ್ತು. ದಿಲ್ಲಿಯ ಕೆಂಪುಕೋಟೆಯ ಮೇಲೆ ಬಾವುಟ ಹಾರಿಯಾಗಿತ್ತು. ಬ್ರಿಟಿಷರು ಅಧಿಕಾರ ಬಿಟ್ಟುಕೊಟ್ಟಾಗಿತ್ತು. ಹಾಗಿದ್ದರೆ ಮೈಸೂರಿನಲ್ಲಿ ಗುಂಡು ಹಾರಿಸಿದವರು ಯಾರು? ಅದಾಗಲೇ ಬಂದಿದ್ದ ಸ್ವಾತಂತ್ರ್ಯಕ್ಕಾಗಿ ಒಬ್ಬ ಹುಡುಗ ಯಾಕೆ ಸಾಯಬೇಕಾಯಿತು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಇನ್ನೊಂದು ದೊಡ್ಡ ಪ್ರಶ್ನೆ ಎದುರಾಗುತ್ತದೆ. ಸ್ವಾತಂತ್ರ್ಯ ಎಲ್ಲರಿಗೂ ಒಂದೇ ದಿನ ಬಂತೇ? ಅರಮನೆ ಮುಂದಿನ ಬೀದಿಗೆ, ಊರೊಳಗಿನ ಬೀದಿಗೆ, ಊರಾಚೆಯ ಕೇರಿಗೆ, ಕಾಡಿನ ಹಾಡಿಗೆ ಒಂದೇ ದಿನ ಬಂತೇ?

ಮೈಸೂರಿಗೆ ತಡವಾಗಿ ಬಂದ ಸ್ವಾತಂತ್ರ್ಯ

ನಮ್ಮ ನಾಲ್ಕೂ ತಾಲ್ಲೂಕುಗಳು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಇಲ್ಲಿ ನೇರವಾಗಿ ಆಳುತ್ತಿದ್ದವರು ಬ್ರಿಟಿಷರಲ್ಲ, ಮಹಾರಾಜರು. ಜಯಚಾಮರಾಜೇಂದ್ರ ಒಡೆಯರ್ 1947ರ ಆಗಸ್ಟ್‌ನಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ರಾಜ್ಯದ ಒಳಗಿನ ಆಡಳಿತ ಪ್ರಜೆಗಳ ಕೈಗೆ ಬರಲಿಲ್ಲ. ದಿವಾನರಾಗಿ ಅರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಮುಂದುವರಿದರು. ಜನರ ಮತದಿಂದ ಬಂದ, ಜನರಿಗೆ ಉತ್ತರ ಹೇಳಬೇಕಾದ ಸರ್ಕಾರ ಇನ್ನೂ ಇರಲಿಲ್ಲ. ಅಂಥ ಸರ್ಕಾರವನ್ನು ಆಗ ಜವಾಬ್ದಾರಿ ಸರ್ಕಾರ ಎನ್ನುತ್ತಿದ್ದರು.

ಅದಕ್ಕಾಗಿಯೇ 1947ರ ಸೆಪ್ಟೆಂಬರ್ 1ರಂದು ಮೈಸೂರು ಕಾಂಗ್ರೆಸ್ ಚಳವಳಿ ಶುರು ಮಾಡಿತು. ಅದರ ಹೆಸರು 'ಮೈಸೂರು ಚಲೋ'. ಊರೂರಿನಿಂದ ಜನ ಮೈಸೂರಿನ ಅರಮನೆ ಕಡೆಗೆ ನಡೆದರು. ಕೆ.ಸಿ. ರೆಡ್ಡಿ ಮತ್ತಿತರ ನಾಯಕರು ಜೈಲು ಸೇರಿದರು. ವಿದ್ಯಾರ್ಥಿಗಳು ಶಾಲೆ ಬಿಟ್ಟು ಬೀದಿಗಿಳಿದರು. ದಿವಾನರನ್ನೂ ಮಹಾರಾಜರ ಆಪ್ತ ಕಾರ್ಯದರ್ಶಿ ತಂಬೂಚೆಟ್ಟಿಯವರನ್ನೂ ಸೇರಿಸಿ ಕಟ್ಟಿದ 'ಅರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ' ಎಂಬ ಘೋಷಣೆ ಎಲ್ಲರ ಬಾಯಲ್ಲೂ ಇತ್ತು. ರಾಮಸ್ವಾಮಿ ಸತ್ತಿದ್ದು ಈ ಗದ್ದಲದ ನಡುವೆಯೇ. ಅಕ್ಟೋಬರ್‌ನಲ್ಲಿ ಅರಮನೆ ಮಣಿಯಿತು. ಆ ತಿಂಗಳ ಕೊನೆಯಲ್ಲಿ ಕೆ.ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಹಾಗಾಗಿ ನಮ್ಮ ಸೀಮೆಗೆ ಜನರ ಆಡಳಿತ ಬಂದಿದ್ದು ಆಗಸ್ಟ್ 15ಕ್ಕಲ್ಲ, ಎರಡು ತಿಂಗಳಿಗೂ ಹೆಚ್ಚು ತಡವಾಗಿ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಇನ್ನೂ ತಡವಾಯಿತು. ನಿಜಾಮನ ಆಳ್ವಿಕೆ ಕೊನೆಯಾಗಿ ಅವರು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ಭಾಗದ ಜನ ಈಗಲೂ ಆ ದಿನ ಬೇರೆಯಾಗಿ ಬಾವುಟ ಹಾರಿಸುತ್ತಾರೆ.

ಒಂದೇ ದೇಶದಲ್ಲಿ ಸ್ವಾತಂತ್ರ್ಯಕ್ಕೆ ಬೇರೆ ಬೇರೆ ತಾರೀಖು ಇರಬಹುದು ಎನ್ನುವುದನ್ನು ಇಷ್ಟರ ಮಟ್ಟಿಗೆ ಶಾಲೆಯ ಪುಸ್ತಕವೂ ಹೇಳುತ್ತದೆ. ಇದೇ ಮಾತನ್ನು ಜಾತಿಗೂ ಅನ್ವಯಿಸಬೇಕು ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಸ್ವಾತಂತ್ರ್ಯ ಮೊದಲೋ, ಸಮಾನತೆ ಮೊದಲೋ

ಮೈಸೂರು ಸಂಸ್ಥಾನದಲ್ಲಿ ಈ ಜಗಳ 1947ಕ್ಕಿಂತ 30 ವರ್ಷ ಹಳೆಯದು. ಸರ್ಕಾರಿ ನೌಕರಿಯೆಲ್ಲ ಒಂದೇ ಸಮುದಾಯದವರ ಪಾಲಾಗುತ್ತಿದೆ ಎಂದು 1917ರಲ್ಲಿ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿ ಕಟ್ಟಿದರು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ್ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಅದರ ವರದಿಯ ಮೇಲೆ 1921ರಲ್ಲಿ ಸರ್ಕಾರಿ ಆದೇಶ ಹೊರಬಿತ್ತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂಬುದು ಅದರ ಗುರಿ. ನಾವು ಇಂದು ಮೀಸಲಾತಿ ಎನ್ನುವುದರ ಬೇರು ಇಲ್ಲಿದೆ.

ಶಾಲೆಯ ಕಥೆಯೂ ಇಂಥದ್ದೇ. ಆಗ ದಲಿತರನ್ನು ಸರ್ಕಾರಿ ಕಾಗದದಲ್ಲಿ 'ಪಂಚಮರು' ಎಂದು ಬರೆಯುತ್ತಿದ್ದರು. ಅವರ ಮಕ್ಕಳಿಗೆ ಬೇರೆ ಶಾಲೆ. 1910ರ ದಶಕದಲ್ಲಿ, ಸರ್ಕಾರಿ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಬೇಕು ಎಂಬ ಆದೇಶ ಹೊರಟಾಗ ಸವರ್ಣರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿ ವಿರೋಧಿಸಿದರು. ಇಷ್ಟಾದರೂ ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅವರಂಥವರು ದಲಿತ ಮಕ್ಕಳ ಶಾಲೆ, ಹಾಸ್ಟೆಲುಗಳಿಗಾಗಿ ಜೀವ ತೇದರು. 1920ರ ದಶಕದಲ್ಲಿ 'ಪಂಚಮ' ಎಂಬ ಪದ ಹೋಗಿ 'ಆದಿಕರ್ನಾಟಕ', 'ಆದಿದ್ರಾವಿಡ' ಎಂಬ ಹೆಸರು ಬಂತು. ಮೈಸೂರಿನ ರೈಲ್ವೆ ವರ್ಕ್‌ಶಾಪ್ ಪಕ್ಕದ ಅಶೋಕಪುರಂಗೆ ಮೊದಲಿದ್ದ ಹೆಸರು ಆದಿಕರ್ನಾಟಕಪುರ. ಹಳ್ಳಿಯ ಕೇರಿಗಳಿಗಿಂತ ಮುಂಚೆ ಅಕ್ಷರ, ಸಂಬಳದ ಕೆಲಸ, ಸಂಘಟನೆ ಕಂಡ ಬಡಾವಣೆ ಅದು. ನಮ್ಮ ಕಡೆಯ ಎಷ್ಟೋ ದಲಿತ ಹುಡುಗರು ಮೈಸೂರಿಗೆ ಓದಲು ಹೋದಾಗ ಮೊದಲು ನೆಂಟಸ್ತನ ಹುಡುಕಿಕೊಂಡು ಹೋಗಿದ್ದು ಅಲ್ಲಿಗೇ.

ಇಲ್ಲೊಂದು ಗಂಟು ಇದೆ. ಈ ಸುಧಾರಣೆಗಳಲ್ಲಿ ಹಲವನ್ನು ತಂದದ್ದು ಅರಮನೆ. ಅರಮನೆಯಿಂದ ಅಧಿಕಾರ ಕಿತ್ತುಕೊಳ್ಳಬೇಕು ಎಂದು ಹೊರಟದ್ದು ಕಾಂಗ್ರೆಸ್. ಹಾಗಾದರೆ ಹಿಂದುಳಿದವರು, ದಲಿತರು ಯಾರ ಕಡೆ ನಿಲ್ಲಬೇಕು? ರಾಜರು ಹೋಗಿ ಅಧಿಕಾರ ಜನರ ಕೈಗೆ ಬರುತ್ತದೆ ಎಂದರೆ ಯಾವ ಜನರ ಕೈಗೆ? ಓದಿದವರ, ಜಮೀನಿದ್ದವರ ಕೈಗೆ ತಾನೇ? ಈ ಅನುಮಾನದಿಂದಲೇ ಬ್ರಾಹ್ಮಣೇತರ ಪಕ್ಷಗಳು ಬಹಳ ಕಾಲ ಕಾಂಗ್ರೆಸ್ಸಿನಿಂದ ದೂರ ಇದ್ದವು. 1937ರ ಹೊತ್ತಿಗೆ ಅವು ಕಾಂಗ್ರೆಸ್ ಜೊತೆ ಸೇರಿದ ಮೇಲೆಯೇ ಚಳವಳಿ ಹಳ್ಳಿಗೆ ಇಳಿಯಿತು. ಮರುವರ್ಷ, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಶಿವಪುರದಲ್ಲಿ ಸಾವಿರಾರು ಜನ ಸೇರಿ ನಿಷೇಧ ಮುರಿದು ಬಾವುಟ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದು ಜನ ಸತ್ತರು.

'ಮೊದಲು ಸ್ವಾತಂತ್ರ್ಯ ಬರಲಿ, ಜಾತಿಯ ವಿಷಯ ಆಮೇಲೆ ನೋಡೋಣ' ಎನ್ನುವವರು ಆಗ ಬಹಳ ಮಂದಿ. ಹಾಗೆ ಅನ್ನದೆ ಎರಡನ್ನೂ ಒಟ್ಟಿಗೆ ಹಿಡಿದವರೂ ಇದ್ದರು. ನಂಜನಗೂಡು ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಅಂಥವರು. ತಗಡೂರು, ಬದನವಾಳುಗಳಲ್ಲಿ ಚರಕ ತಿರುಗಿದ್ದು ಖಾದಿಗಾಗಿ ಮಾತ್ರ ಅಲ್ಲ, ಕೇರಿಯವರೂ ಊರವರೂ ಒಂದೇ ಸೂರಿನಡಿ ಕೂರಲಿ ಎಂದೂ ಹೌದು. 1927ರಲ್ಲಿ ಗಾಂಧೀಜಿ ಬದನವಾಳಿಗೆ ಬಂದರು. 1934ರ ಜನವರಿಯಲ್ಲಿ ಅಸ್ಪೃಶ್ಯತೆಯ ವಿರುದ್ಧದ ಪ್ರವಾಸದಲ್ಲಿ ಮತ್ತೆ ಈ ಭಾಗಕ್ಕೆ ಬಂದು ಹೋದರು.

ಬದನವಾಳು ಎಂಬ ಈ ಹೆಸರು ನೆನಪಿರಲಿ. ಮುಂದೆ ಮತ್ತೆ ಬರುತ್ತದೆ.

ಕಾನೂನಿನ ಸಾಲು

ಹಳೆಯ ಮೈಸೂರಿನ ಕಾನೂನುಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಒಂದು ಸಂಗತಿ ಕಾಣುತ್ತದೆ. ಸಾರ್ವಜನಿಕ ಜಾಗಗಳಲ್ಲಿ ದಲಿತರ ಮೇಲಿದ್ದ ನಿರ್ಬಂಧ ತೆಗೆಯಲು ಮೈಸೂರು ಸಂಸ್ಥಾನ 1943ರಲ್ಲೇ ಕಾಯ್ದೆ ಮಾಡಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದೇವಾಲಯ ಪ್ರವೇಶದ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 29ರಂದು ದಿಲ್ಲಿಯ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಯನ್ನು ಒಪ್ಪಿತು. ಇಂದಿನ ಸಂವಿಧಾನದಲ್ಲಿ ಅದು 17ನೇ ವಿಧಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಯಾರಿಗೂ ಜಾತಿಯ ಕಾರಣಕ್ಕೆ ಮುಚ್ಚಬಾರದು ಎಂದು 15ನೇ ವಿಧಿ ಹೇಳುತ್ತದೆ. ಬಿಟ್ಟಿ ದುಡಿಮೆಯನ್ನು 23ನೇ ವಿಧಿ ನಿಷೇಧಿಸುತ್ತದೆ. 1955ರಲ್ಲಿ ಅಸ್ಪೃಶ್ಯತೆ ಆಚರಿಸಿದವರಿಗೆ ಶಿಕ್ಷೆ ಕೊಡುವ ಕಾಯ್ದೆ ಇಡೀ ದೇಶಕ್ಕೆ ಬಂತು. ಸಾಲದೆಂದು 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು.

ಮತ್ತೆ ಮತ್ತೆ ಇನ್ನೊಂದು ಕಾಯ್ದೆ ಬೇಕಾಗುತ್ತಿದೆ ಎಂದರೆ ಹಿಂದಿನ ಕಾಯ್ದೆ ಕೇರಿಯವರೆಗೆ ತಲುಪಿರಲಿಲ್ಲ ಎಂದೇ ಅರ್ಥ. 1943ರ ಕಾಯ್ದೆ ಪೂರ್ತಿ ಜಾರಿಯಾಗಿದ್ದರೆ 1955ರದು ಬೇಕಿರಲಿಲ್ಲ. 1955ರದು ಜಾರಿಯಾಗಿದ್ದರೆ 1989ರದು ಬೇಕಿರಲಿಲ್ಲ. ಬಾವುಟ ಒಂದು ಬೆಳಗ್ಗೆ ಹಾರುತ್ತದೆ. ಬಾವಿಯ ಹಗ್ಗ ಕೈಗೆ ಸಿಗಲು ತಲೆಮಾರುಗಳೇ ಬೇಕಾದವು. ಎಷ್ಟೋ ಊರುಗಳಲ್ಲಿ ಬಾವಿಯ ಜಗಳ ತೀರಿದ್ದು ಮನಸ್ಸು ಬದಲಾಗಿ ಅಲ್ಲ, ಬೋರ್‌ವೆಲ್ ಬಂದು ಕೇರಿಗೆ ಬೇರೆ ನಲ್ಲಿ ಹಾಕಿದ ಮೇಲೆ. ಜಗಳ ನಿಂತಿತು, ಭೇದ ಉಳಿಯಿತು.

ಇದನ್ನು ಅಂಬೇಡ್ಕರ್ ಮೊದಲೇ ಕಂಡಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ ಅವರು ಎಚ್ಚರಿಸಿದ್ದರು: ಜನವರಿ 26ರಿಂದ ಒಬ್ಬರಿಗೆ ಒಂದು ಮತ ಎಂಬ ಸಮಾನತೆ ರಾಜಕೀಯದಲ್ಲಿ ಬರುತ್ತದೆ, ಸಮಾಜದಲ್ಲಿ ಮತ್ತು ಹಣಕಾಸಿನಲ್ಲಿ ಅಸಮಾನತೆ ಹಾಗೇ ಇರುತ್ತದೆ, ಈ ವಿರೋಧವನ್ನು ಬೇಗ ಸರಿಪಡಿಸದಿದ್ದರೆ ನೊಂದವರು ಇಡೀ ಕಟ್ಟಡವನ್ನೇ ಉರುಳಿಸಬಹುದು. ಹಬ್ಬದ ಹೊತ್ತಿನಲ್ಲಿ ಹೇಳಿದ ಈ ಕಹಿ ಮಾತು ಇಂದಿಗೂ ಹಳತಾಗಿಲ್ಲ.

ಸಮುದ್ರದ ಆಚೆಯೂ ಇದೇ ಕಥೆ

ಅಮೆರಿಕ ಜುಲೈ 4ರಂದು ಸ್ವಾತಂತ್ರ್ಯೋತ್ಸವ ಆಚರಿಸುತ್ತದೆ. 1776ರಲ್ಲಿ ಬ್ರಿಟಿಷರಿಂದ ಬಿಡುಗಡೆ ಘೋಷಿಸಿಕೊಂಡ ದಿನ ಅದು. ಎಲ್ಲ ಮನುಷ್ಯರೂ ಸಮಾನರು ಎಂದು ಆ ಘೋಷಣೆಯಲ್ಲೇ ಬರೆದಿತ್ತು. ಬರೆದವರ ಮನೆಗಳಲ್ಲೇ ಕಪ್ಪು ಜನ ಗುಲಾಮರಾಗಿ ದುಡಿಯುತ್ತಿದ್ದರು. 1852ರಲ್ಲಿ ರಾಚೆಸ್ಟರ್ ನಗರದವರು ಸ್ವಾತಂತ್ರ್ಯ ದಿನದ ಭಾಷಣಕ್ಕೆ ಫ್ರೆಡರಿಕ್ ಡಗ್ಲಾಸ್ ಅವರನ್ನು ಕರೆದರು. ಅವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಓದಿ ಪತ್ರಕರ್ತರಾದವರು. ಡಗ್ಲಾಸ್ ಜುಲೈ 4ಕ್ಕೆ ಬದಲು ಮರುದಿನ ವೇದಿಕೆ ಹತ್ತಿದರು. ಈ ಹಬ್ಬ ನಿಮ್ಮದು, ಗುಲಾಮನಿಗೆ ಇದರಲ್ಲಿ ಏನಿದೆ ಎಂಬ ಅರ್ಥದ ಪ್ರಶ್ನೆಯನ್ನು ಸಭೆಯ ಮುಖಕ್ಕೇ ಕೇಳಿದರು. ಟೆಕ್ಸಾಸಿನ ಗ್ಯಾಲ್ವೆಸ್ಟನ್ ಪಟ್ಟಣದ ಗುಲಾಮರಿಗೆ ಬಿಡುಗಡೆಯ ಸುದ್ದಿ ತಲುಪಿದ್ದು 1865ರ ಜೂನ್ 19ಕ್ಕೆ. ಅಂದರೆ 1776ರಿಂದ 89 ವರ್ಷ ತಡ. ಆ ದಿನವೂ ಇಡೀ ದೇಶಕ್ಕೆ ಸರ್ಕಾರಿ ರಜೆಯಾದದ್ದು 2021ರಲ್ಲಿ.

ಈ ಕಥೆಗೂ ನಮಗೂ ನೇರ ಕೊಂಡಿಯಿದೆ. ಅಮೆರಿಕದ ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ಪಕ್ಕದ ಕೇರಳದ ದಲಿತ ಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದಿರುವ ಅಸ್ಪೃಶ್ಯ ಬಂಧು ಎಂದು ಮಕ್ಕಳಿಗೆ ಪರಿಚಯಿಸಿದರು. ಕಿಂಗ್ ಅವರಿಗೆ ಒಂದು ಕ್ಷಣ ಸಿಟ್ಟು ಬಂತು. ಆಮೇಲೆ, ಹೌದು, ನಾನೂ ನನ್ನ ದೇಶದ ಪ್ರತಿಯೊಬ್ಬ ಕಪ್ಪು ಮನುಷ್ಯನೂ ಅಸ್ಪೃಶ್ಯರೇ ಎಂದು ಹೊಳೆಯಿತು. ಈ ಪ್ರಸಂಗವನ್ನು ಅವರೇ ತಮ್ಮ ಊರಿನ ಚರ್ಚಿನಲ್ಲಿ 1965ರಲ್ಲಿ ಹೇಳಿದರು. ಹೇಳಿದ ದಿನ ಯಾವುದು ಗೊತ್ತೇ? ಜುಲೈ 4. ಹಬ್ಬದ ಹೊತ್ತಿನಲ್ಲೇ ಬಾಕಿ ಲೆಕ್ಕ ಓದಬೇಕು ಎಂದು ಡಗ್ಲಾಸ್‌ಗೂ ಅನ್ನಿಸಿತ್ತು, ಕಿಂಗ್‌ಗೂ ಅನ್ನಿಸಿತು.

ಹುಣಸೂರಿನಿಂದ ಹೋದವರು

ಸ್ವಾತಂತ್ರ್ಯ ಬಂದು 25 ವರ್ಷ ತುಂಬಿದ 1972ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದವರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. 1915ರ ಆಗಸ್ಟ್ 20ರಂದು ಹುಟ್ಟಿದವರು. 1941ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾಗಿ, ಮರುವರ್ಷದ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಅಂದರೆ ಮೊದಲ ಸ್ವಾತಂತ್ರ್ಯಕ್ಕೂ ಹೋರಾಡಿದವರು, ಬಾಕಿ ಉಳಿದದ್ದಕ್ಕೂ ಕೈ ಹಾಕಿದವರು.

ಅವರ ಕಾಲದ ಭೂಸುಧಾರಣೆ ಬಗ್ಗೆ ನಮ್ಮ ಕಡೆ ಹೇಳಬೇಕಾಗಿಯೇ ಇಲ್ಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದು, 7ನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟ ಗೇಣಿದಾರನಿಗೆ ಸಿಗುವ ದಾರಿ ತೆರೆಯಿತು. 'ಡಿಕ್ಲರೇಷನ್ ಜಮೀನು' ಎಂಬ ಮಾತು ಇವತ್ತಿಗೂ ಹಳ್ಳಿ ಮಾತಿನಲ್ಲಿದೆ. ಹಿಂದುಳಿದ ವರ್ಗಗಳಿಗಾಗಿ ಎಲ್.ಜಿ. ಹಾವನೂರು ಆಯೋಗ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ದಲಿತರಿಗೆ, ಆದಿವಾಸಿಗಳಿಗೆ ಸರ್ಕಾರ ಕೊಟ್ಟ ಜಮೀನನ್ನು ಬೇರೆಯವರು ಬರೆಸಿಕೊಳ್ಳುವುದನ್ನು ತಡೆಯಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರ ಕಾಯ್ದೆ 1976ರದು. ಎಚ್.ಡಿ. ಕೋಟೆ ಕಡೆ ಜೀತದಿಂದ ಬಿಡುಗಡೆಯಾದವರ ಮನೆಗಳಲ್ಲಿ ಆ ವರ್ಷದ ತೂಕ ಏನೆಂದು ಕೇಳಿ ನೋಡಬೇಕು.

ಆದರೆ ಲೆಕ್ಕವನ್ನು ಪೂರ್ತಿ ಹೇಳಬೇಕು. ಭೂಸುಧಾರಣೆಯಿಂದ ಜಮೀನು ಸಿಕ್ಕಿದ್ದು ಗೇಣಿಗೆ ಉಳುತ್ತಿದ್ದವರಿಗೆ. ಗೇಣಿಯ ಜಮೀನೂ ಇಲ್ಲದೆ ಕೂಲಿ ಮಾಡುತ್ತಿದ್ದವರಿಗೆ, ಅಂದರೆ ಕೇರಿಯ ಹೆಚ್ಚಿನ ಮನೆಗಳಿಗೆ, ಬಂದದ್ದು ಕಡಿಮೆ. ಬಾಗಿಲು ತೆರೆಯಿತು, ಸಾಲಿನಲ್ಲಿ ಕೊನೆಗೆ ನಿಂತವರ ತನಕ ಬರುವಷ್ಟರಲ್ಲಿ ಬಹುಪಾಲು ಮುಗಿದಿತ್ತು.

ಅರಸು ಸಂಪುಟದಲ್ಲಿದ್ದ ದಲಿತ ಸಚಿವ ಬಿ. ಬಸವಲಿಂಗಪ್ಪ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಗೆ ನಿಷೇಧ ತಂದರು. ಇಡೀ ದೇಶಕ್ಕೆ ಇಂಥ ಕಾಯ್ದೆ ಬಂದದ್ದು 1993ರಲ್ಲಿ, ಸುಮಾರು 20 ವರ್ಷ ಆದ ಮೇಲೆ. ನಗರಗಳು 25 ವರ್ಷ ಸ್ವಾತಂತ್ರ್ಯೋತ್ಸವ ಆಚರಿಸಿದ್ದವು. ಆ ಬೀದಿಗಳನ್ನು ಹಬ್ಬಕ್ಕೆ ಗುಡಿಸಿ ಸಿಂಗರಿಸಿದವರ ತಲೆಯ ಮೇಲೆ ಅಲ್ಲಿಯವರೆಗೂ ಮಲದ ಬುಟ್ಟಿ ಇತ್ತು.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಊರೂರಲ್ಲೂ ಹಬ್ಬ. ಅದೇ ತಿಂಗಳು ಮೈಸೂರಿನ ಸಭೆಯೊಂದರಲ್ಲಿ ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತು ಆಡಿದರು. ನಮ್ಮ ಬದುಕಿಗೆ ಬೇಕಾದದ್ದು ಅದರಲ್ಲಿಲ್ಲ ಎಂಬುದು ಅವರ ತಕರಾರು. ರಾಜ್ಯ ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಸಚಿವ ಸ್ಥಾನ ಬಿಡಬೇಕಾಯಿತು. ಅವರ ಮಾತು ಸರಿಯೋ ತಪ್ಪೋ ಎಂದು ಇಂದಿಗೂ ವಾದ ಮಾಡಬಹುದು. ಆದರೆ ಆ ಪೆಟ್ಟು ತಿಂದ ಹುಡುಗರು ಸುಮ್ಮನೆ ಕೂರಲಿಲ್ಲ. ಅಲ್ಲಿಂದ ಮುಂದೆ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರ ಜೊತೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. ನಮ್ಮ ತಾಲ್ಲೂಕುಗಳ ಕೇರಿಗಳಲ್ಲಿ ಇಂದು ನೀಲಿ ಬೋರ್ಡು, ಅಂಬೇಡ್ಕರ್ ಭವನ ಕಾಣುತ್ತಿದ್ದರೆ ಅದರ ಹಿಂದೆ ಆ ವರ್ಷಗಳ ತಮಟೆಯ ಸದ್ದಿದೆ.

ಮತ್ತೆ ಬದನವಾಳು

1927ರಲ್ಲಿ ಗಾಂಧೀಜಿ ಬಂದು ಹೋದ ಬದನವಾಳಿನಲ್ಲಿ 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಅದರ ಹಿಂದಿದ್ದದ್ದು ಊರಿನ ದೇವಸ್ಥಾನಕ್ಕೆ ದಲಿತರು ಪ್ರವೇಶ ಮಾಡಿದ ವಿವಾದ. ಮೈಸೂರಿನ ದೇವಾಲಯ ಪ್ರವೇಶ ಕಾಯ್ದೆ ಬಂದು ಅಷ್ಟೊತ್ತಿಗೆ 45 ವರ್ಷವಾಗಿತ್ತು. ಚರಕ ತಿರುಗಿದ ಊರು, ಮಹಾತ್ಮನ ಕಾಲು ತಾಗಿದ ಊರು, ಕಾನೂನು ಇದ್ದ ಕಾಲ. ಆದರೂ ದೇವರ ಮುಂದೆ ನಿಂತಿದ್ದಕ್ಕೆ ಪ್ರಾಣ ಹೋಯಿತು.

ಬದನವಾಳಿನವರೇ ಕೆಟ್ಟವರು ಎನ್ನಲು ಇದನ್ನು ಬರೆಯುತ್ತಿಲ್ಲ. ನಮ್ಮ ನಿಮ್ಮ ಊರುಗಳಲ್ಲೂ ಜಾತ್ರೆ ಬಂದಾಗ ಪೊಲೀಸ್ ಜೀಪು ಬಂದು ನಿಲ್ಲುತ್ತದೆ, ತಹಶೀಲ್ದಾರರು ಶಾಂತಿ ಸಭೆ ಮಾಡುತ್ತಾರೆ. ಶಾಂತಿ ಸಭೆ ಬೇಕಾಗುತ್ತದೆ ಎಂದರೆ 1948 ಇನ್ನೂ ಆ ಊರಿಗೆ ಪೂರ್ತಿ ಬಂದಿಲ್ಲ ಎಂದರ್ಥ.

ಹಾಡಿಯ ಕ್ಯಾಲೆಂಡರ್

ಇನ್ನೂ ಎರಡು ತಾರೀಖು ಹೇಳಿ ಮುಗಿಸುತ್ತೇನೆ.

ಬ್ರಿಟಿಷರು 1871ರಲ್ಲಿ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿದ್ದರು. ಆ ಜಾತಿಯಲ್ಲಿ ಹುಟ್ಟಿದ ಮಗುವೂ ಕಳ್ಳ ಎಂಬ ಲೆಕ್ಕ. ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. ಈ ಕಾನೂನು ರದ್ದಾದದ್ದು 1952ರ ಆಗಸ್ಟ್ 31ರಂದು. ಸ್ವಾತಂತ್ರ್ಯ ಬಂದ ಮೇಲೂ 5 ವರ್ಷ 16 ದಿನ ಅವರು ಕಾಗದದ ಮೇಲೆ ಕಳ್ಳರಾಗಿಯೇ ಇದ್ದರು. ಆ ಸಮುದಾಯಗಳವರು ದೇಶದ ಹಲವೆಡೆ ಆಗಸ್ಟ್ 31ನ್ನು ವಿಮುಕ್ತ ದಿನ ಎಂದು ಆಚರಿಸುತ್ತಾರೆ. ಅದೂ ಒಂದು ಸ್ವಾತಂತ್ರ್ಯೋತ್ಸವವೇ.

ಇನ್ನೊಂದು ನಮ್ಮ ಕಾಡಿನದು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. ತಲೆತಲಾಂತರದಿಂದ ಅಲ್ಲೇ ಇದ್ದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಕಾಡಿನಿಂದ ಹೊರಬಿದ್ದವು. ಹೈಕೋರ್ಟಿನ ಆದೇಶದಂತೆ ಈ ವಿಷಯ ಪರಿಶೀಲಿಸಿದ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ, 3,418 ಕುಟುಂಬಗಳು ಒಕ್ಕಲೆದ್ದಿವೆ ಎಂದು 2014ರಲ್ಲಿ ವರದಿ ಕೊಟ್ಟಿತು. ಹುಣಸೂರಿನ ನಾಗಾಪುರದಂಥ ಕಡೆ ಪುನರ್ವಸತಿ ಸಿಕ್ಕಿದ್ದು ಅದರಲ್ಲಿ ಒಂದು ಪಾಲಿಗೆ ಮಾತ್ರ. ಉಳಿದವರು ತೋಟದ ಲೈನ್ ಮನೆಗಳಲ್ಲಿ, ಕಾಡಂಚಿನ ಗುಡಿಸಲುಗಳಲ್ಲಿ ಕರಗಿ ಹೋದರು. ದೇಶ ಸ್ವತಂತ್ರವಾದ ಮೇಲೆ ಊರು ಕಳೆದುಕೊಂಡವರು ಇವರು.

ಅರಣ್ಯ ಹಕ್ಕು ಕಾಯ್ದೆ 2006ರದು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ವಾಸ, ಸಾಗುವಳಿ ಇದ್ದ ಬುಡಕಟ್ಟು ಕುಟುಂಬ ಹಕ್ಕು ಕೇಳಬಹುದು. ಅರ್ಜಿ ಹೋಗಬೇಕಾದದ್ದು ಮೊದಲು ಗ್ರಾಮಸಭೆಗೆ, ಅಲ್ಲಿನ ಅರಣ್ಯ ಹಕ್ಕು ಸಮಿತಿಗೆ. ಅಧಿಕಾರಿಯ ಟೇಬಲ್ಲಿಗಿಂತ ಮುಂಚೆ ಗ್ರಾಮಸಭೆ ಬರುತ್ತದೆ ಎಂಬುದು ಹಲವು ಹಾಡಿಗಳಿಗೆ ಇನ್ನೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಬೇಕು.

ಹಾಗಾದರೆ ಹಬ್ಬ ಮಾಡಬೇಕೋ ಬೇಡವೋ

ಇಷ್ಟೆಲ್ಲ ಓದಿದ ಮೇಲೆ ಆಗಸ್ಟ್ 15ರ ಲಾಡು ಕಹಿಯಾಗಬೇಕು ಎಂದು ನಾನು ಹೇಳುತ್ತಿಲ್ಲ. 1947 ಇಲ್ಲದಿದ್ದರೆ 1950 ಇಲ್ಲ, 1950 ಇಲ್ಲದಿದ್ದರೆ 1974 ಇಲ್ಲ. ಕೇರಿಯ ಮಗು ಬಾವುಟಕ್ಕೆ ಸೆಲ್ಯೂಟ್ ಹೊಡೆದಾಗ ಅದು ಬೇರೆಯವರ ಹಬ್ಬಕ್ಕೆ ಕೈ ಎತ್ತುತ್ತಿಲ್ಲ. ತನಗೆ ಬರಬೇಕಾದ ಬಾಕಿಗೆ ಸಾಕ್ಷಿ ಹಾಕುತ್ತಿದೆ. ಸಾಲಪತ್ರ ಹರಿದು ಹಾಕಿದರೆ ಬಾಕಿ ಕೇಳುವುದು ಯಾವುದರ ಮೇಲೆ?

ಆದರೆ ಹಬ್ಬದ ದಿನವೇ ಕೆಲವು ಪ್ರಶ್ನೆ ಕೇಳಬಹುದು. ನಿಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಕೈ ಯಾರದು, ಅದನ್ನು ಎಲ್ಲ ಮಕ್ಕಳೂ ಉಣ್ಣುತ್ತಾರೆಯೇ? ಊರಿನ ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಲೋಟವೇ? ಕ್ಷೌರದಂಗಡಿಯ ಕುರ್ಚಿ ಎಲ್ಲರಿಗೂ ಇದೆಯೇ? ಪಂಚಾಯಿತಿಗೆ ದಲಿತ ಅಥವಾ ಬುಡಕಟ್ಟಿನ ಮಹಿಳೆ ಅಧ್ಯಕ್ಷರಾಗಿದ್ದರೆ ಬಾವುಟ ಹಾರಿಸುವುದು ಅವರೋ, ಅವರ ಹೆಸರಿನಲ್ಲಿ ಇನ್ನೊಬ್ಬರೋ? ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಪುಸ್ತಕ ಬೇಕಿಲ್ಲ, ಊರಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಇನ್ನೊಂದು ಕೆಲಸ ತುರ್ತಿನದು. 1947ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ 90ರ ಹತ್ತಿರ. ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಗೌಡರ ಜಗಲಿಯಲ್ಲಿ ಕೂತ ಅಜ್ಜನನ್ನು ಕೇಳಿದರೆ ಆ ವರ್ಷದ ಮೆರವಣಿಗೆಯ ಕಥೆ ಹೇಳಿಯಾರು. ಕೇರಿಯ ಅಜ್ಜಿಯನ್ನು, ಹಾಡಿಯ ಯಜಮಾನನನ್ನೂ ಕೇಳಿ: ಆ ವರ್ಷ ನಿಮಗೆ ಏನು ಬದಲಾಯಿತು? ಬಾವಿಯಲ್ಲಿ ಮೊದಲ ಸಲ ನೀರು ಸೇದಿದ್ದು ಯಾವಾಗ? ಜೀತ ಬಿಟ್ಟಿದ್ದು ಯಾವ ವರ್ಷ? ಮೊದಲ ಸಲ ಓಟು ಹಾಕಿದ್ದು ಯಾವಾಗ? ಕೈಯಲ್ಲಿರುವ ಫೋನಿನಲ್ಲೇ ಅದನ್ನು ರೆಕಾರ್ಡ್ ಮಾಡಿಕೊಳ್ಳಿ. ಹೆಸರು, ಊರು, ತಾರೀಖು ಬರೆದಿಡಿ. ಅವರು ಒಪ್ಪಿದರೆ ಮಾತ್ರ ಹಂಚಿ.

ರಾಮಸ್ವಾಮಿಯ ಹೆಸರನ್ನು ಒಂದು ಸರ್ಕಲ್ ಉಳಿಸಿತು. ಬಾವಿಯ ಹಗ್ಗಕ್ಕೆ ಮೊದಲ ಸಲ ಕೈ ಹಾಕಿದವರ ಹೆಸರಿನಲ್ಲಿ ಯಾವ ಸರ್ಕಲ್ಲೂ ಇಲ್ಲ. ಅವರ ಮಾತು ಉಳಿಯಬೇಕಾದರೆ ನಾವೇ ಬರೆದುಕೊಳ್ಳಬೇಕು.